ಮೀಜಾನ್ ತಿಂಗಳ ಹನ್ನೆರಡನೇ ದಿನ

ನಮ್ಮ ಸೆಕ್ಷನ್ನಿನಲ್ಲಿ ನನಗಿಂತ ಚೆನ್ನಾಗಿ ಪತ್ರ ಬರೆಯುವವರು ಒಬ್ಬರಿದ್ದರು. ಈ ಒಂದು ಮಾತನ್ನು ಒಪ್ಪಿಕೊಳ್ಳಲು ಅವರು ಸಾಯುವವರೆಗೂ ನನ್ನಿಂದ ಆಗಲಿಲ್ಲ.

ಹೆಸರು ಹೇಳುವುದಿಲ್ಲ. ಆಫೀಸಿನಲ್ಲಿ ಎಲ್ಲರಿಗೂ ಅವರು ಮೇಡಂ. ನನ್ನ ಹೆಂಡತಿ ಸುಮತಿಗೆ ಅಕ್ಕ. ಭೋಗಲ್‌ನ ಬೇಕರಿಯ ಹಕೀಮನಿಗೆ ದೀದಿ. ಎದುರಿಗೆ ನಾನೂ ಮೇಡಂ ಎನ್ನುತ್ತಿದ್ದೆ. ಮನಸ್ಸಿನೊಳಗೆ ಮಾತ್ರ ಇಪ್ಪತ್ತು ವರ್ಷ ಅವರು ನನಗೆ ‘ಆಯಮ್ಮ’.

ಕುಂದಾಪುರದ ಕಡೆಯವರು. ಮದುವೆಯಾಗಿರಲಿಲ್ಲ. ಚಿಕ್ಕ ವಯಸ್ಸಿಗೇ ಕ್ಲರ್ಕ್ ಪರೀಕ್ಷೆ ಪಾಸು ಮಾಡಿ ದೆಹಲಿಗೆ ಬಂದವರು ಮತ್ತೆ ಊರಿಗೆ ಹೋಗಿ ನೆಲೆಸುವ ಮಾತೇ ಎತ್ತಲಿಲ್ಲ. ನಾನು ಹಾಸನದವನು, ಸೆಕ್ಷನ್ ಆಫೀಸರ್. ವಯಸ್ಸಿನಲ್ಲಿ ಅವರಿಗಿಂತ ಮೂರು ವರ್ಷ ಚಿಕ್ಕವನು, ಹುದ್ದೆಯಲ್ಲಿ ಒಂದು ಮೆಟ್ಟಿಲು ಮೇಲಿನವನು. ಲೋಧಿ ಕಾಲೋನಿಯ ಒಂದೇ ಬ್ಲಾಕಿನಲ್ಲಿ ನಮ್ಮ ಕ್ವಾರ್ಟರ್ಸ್ ಕೆಳಗೆ, ಅವರದು ಮೇಲೆ. ಹೀಗಾಗಿ ಅವರನ್ನು ಹೊಗಳುವವರಿಂದ ನನಗೆ ಹಗಲೂ ಬಿಡುಗಡೆಯಿರಲಿಲ್ಲ, ಸಂಜೆಯೂ ಇರಲಿಲ್ಲ.

ನಮ್ಮದು ಒಣಹಣ್ಣಿನ ಆಮದು ನೋಡಿಕೊಳ್ಳುವ ಸೆಕ್ಷನ್. ಬಾದಾಮಿ, ಅಂಜೂರ, ಒಣದ್ರಾಕ್ಷಿಗಳ ಪರವಾನಗಿ, ತಕರಾರು, ಜವಾಬು. ನಾನು ಒಂದು ಡ್ರಾಫ್ಟನ್ನು ಎರಡು ದಿನ ಕೂತು ಬರೆಯುತ್ತಿದ್ದೆ. ಜಂಟಿ ಕಾರ್ಯದರ್ಶಿಗಳ ಕೋಣೆಯಿಂದ ಅದು ಮೈತುಂಬ ಕೆಂಪು ಗೀರುಗಳೊಂದಿಗೆ ವಾಪಸ್ಸು ಬರುತ್ತಿತ್ತು. ಆಯಮ್ಮನದು ಹೋದ ಹಾಗೆಯೇ ಬರುತ್ತಿತ್ತು, ಕೆಳಗೊಂದು ಸಹಿ ಅಷ್ಟೇ. ಒಮ್ಮೆ ಜಂಟಿ ಕಾರ್ಯದರ್ಶಿಗಳು ನನ್ನನ್ನು ಕರೆಸಿ, “ಎಷ್ಟು ಸ್ಪಷ್ಟವಾಗಿದೆ ಇದು! ಯಾರು ಬರೆದದ್ದು?” ಎಂದು ಕೇಳಿದರು. “ನಮ್ಮ ಸೆಕ್ಷನ್‌ದು ಸರ್” ಎಂದೆ. ಸುಳ್ಳು ಹೇಳಿದಂತಾಗಲಿಲ್ಲ, ಹೆಸರು ಹೇಳಿದಂತೆಯೂ ಆಗಲಿಲ್ಲ. ಇಂಥ ಉತ್ತರ ಕೊಡುವುದರಲ್ಲಿ ನಾನು ನಿಪುಣ.

ಸರ್ಕಾರದ ಪತ್ರಗಳಲ್ಲಿ ಎಲ್ಲವೂ ತಾನಾಗಿಯೇ ನಡೆಯುತ್ತದೆ. ನಿರ್ಧರಿಸಲಾಗಿದೆ, ಪರಿಗಣಿಸಲಾಗಿದೆ, ತಿರಸ್ಕರಿಸಲಾಗಿದೆ. ಅಂಥ ಮಾತು ಕಂಡಲ್ಲೆಲ್ಲ ಅವರು ಅಂಚಿನಲ್ಲಿ ಪೆನ್ಸಿಲ್ಲಿನಿಂದ ‘ಯಾರು?’ ಎಂದು ಬರೆಯುತ್ತಿದ್ದರು. ನನ್ನ ಡ್ರಾಫ್ಟಿನಲ್ಲೂ ಬರೆದರು.

“ಇದು ಸರ್ಕಾರದ ಶೈಲಿ ಮೇಡಂ” ಎಂದೆ.

“ಶೈಲಿ ಇರ್ಲಿ ಸರ್. ನಾಳೆ ಆ ವ್ಯಾಪಾರಿ ಬಂದ್ರೆ ಯಾರ ಬಾಗಿಲು ತಟ್ಟಬೇಕು?”

ಅವರಿಗೆ ಅಡುಗೆ ಬರುತ್ತಿರಲಿಲ್ಲ. ಅನ್ನವೊಂದು ಆಗುತ್ತಿತ್ತು, ಅದೂ ತಳ ಹಿಡಿದು. ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬಂದು ಸುಮತಿಯೊಂದಿಗೆ ಇಸ್ಪೀಟು ಆಡುವರು, ಆಟದಲ್ಲಿ ರಾಜಾರೋಷವಾಗಿ ಮೋಸ ಮಾಡುವರು. ಸಿಕ್ಕಿಬಿದ್ದರೆ “ಹ್ಞಾ, ಮಾಡ್ದೆ” ಎಂದು ಎಲೆ ಕೆಳಗಿಡುವರು. ಏನಾದರೂ ಓದಬೇಕಾದರೆ ಕನ್ನಡಕವನ್ನು ತಲೆಯ ಮೇಲೆ ಏರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು, ಮೂಸಿ ನೋಡುವವರಂತೆ ಓದುವರು. ಯಾರನ್ನೂ ಸುಲಭವಾಗಿ ಮೆಚ್ಚುತ್ತಿರಲಿಲ್ಲ. ಸುಮತಿ ಇಡೀ ದಿನ ನಿಂತು ಮಾಡಿದ ಹೋಳಿಗೆ ತಿಂದು, “ಹೂರಣ ನುಣ್ಣಗಾಗ್ಲಿಲ್ಲ” ಎನ್ನುವರು. ಆದರೂ ಸುಮತಿಗೆ ಅವರೆಂದರೆ ಪ್ರಾಣ. ಮದುವೆಯಾಗಿ ಇಷ್ಟು ವರ್ಷವಾದರೂ ಆಫೀಸಿನಲ್ಲಿ ಇವತ್ತು ಏನಾಯಿತು ಎಂದು ನನ್ನನ್ನು ಕೇಳದವಳು, ಅದೇ ಆಫೀಸಿನ ಕಥೆಯನ್ನು ಅವರ ಬಾಯಿಂದ ಕೇಳಲು ಒಲೆ ಆರಿಸಿ ಬಂದು ಕೂರುತ್ತಿದ್ದಳು.

ಅಡುಗೆ ಬಾರದ್ದರಿಂದಲೇ ಅವರು ಭೋಗಲ್‌ಗೆ ಹೋಗತೊಡಗಿದ್ದು. ಅಲ್ಲಿ ಅಫ್ಘಾನಿಸ್ತಾನದಿಂದ ಬಂದವರ ಅಂಗಡಿಗಳಿವೆ. ಹಕೀಮನ ಬೇಕರಿ ಎಂದರೆ ಒಂದು ತಂದೂರು, ಒಂದು ಹಲಗೆ, ಗೋಡೆಗೆ ಸಾಲಾಗಿ ಒರಗಿಸಿದ ಮೊಳದುದ್ದದ ನಾನ್‌ಗಳು. ಹಕೀಮನಿಗೆ ಆಗ ನಲವತ್ತು ದಾಟಿರಬೇಕು. ಸಿನಿಮಾ ನೋಡಿ ಕಲಿತ ಹಿಂದಿ. ಶನಿವಾರ ಸಂಜೆ ಸುಮತಿಯೂ ಮೇಡಂ ಜೊತೆ ಹೋಗುತ್ತಿದ್ದಳು, ಕೆಲವೊಮ್ಮೆ ನಾನೂ. ನನ್ನನ್ನು ಕಂಡರೆ ಹಕೀಮ್, “ಎಷ್ಟು ಬಾಬೂಜಿ?” ಎಂದು ಕೂತಲ್ಲಿಂದಲೇ ಕೇಳುವನು. ಅವರನ್ನು ಕಂಡರೆ ಎದ್ದು ನಿಂತು, ಕೈಯ ಹಿಟ್ಟು ಒರೆಸಿಕೊಂಡು, ಎದೆಯ ಮೇಲೆ ಅಂಗೈ ಇಟ್ಟು, “ಆಯಿಯೇ ದೀದಿ” ಎನ್ನುವನು. ನಾನು ಗೆಜೆಟೆಡ್ ಅಧಿಕಾರಿ. ಆ ಎರಡು ಸ್ವಾಗತಗಳ ನಡುವಿನ ಅಂತರವನ್ನು ಪ್ರತಿ ಶನಿವಾರ ಅಳೆಯುತ್ತಿದ್ದೆ.

ಹಕೀಮನ ಕಥೆ ಅವರಿಗೆ ಗೊತ್ತಾದದ್ದು ಹೀಗೆ. ನಿರಾಶ್ರಿತರ ಅರ್ಜಿ ನೋಡುವ ಕಚೇರಿಯಿಂದ ಅವನಿಗೊಂದು ಇಂಗ್ಲಿಷ್ ಪತ್ರ ಬಂದಿತ್ತು. ಓದಿ ಹೇಳಿ ಎಂದು ಅವರ ಮುಂದೆ ಹಿಡಿದ. ಅವರು ಓದಿದರು. ಆಮೇಲೆ ಅದರಲ್ಲಿ ಕೇಳಿದ್ದ ಒಂದೊಂದು ಪ್ರಶ್ನೆಯನ್ನೂ ಅವನಿಗೆ ಕೇಳಿದರು. ಸುಮತಿ ಪಕ್ಕದಲ್ಲೇ ಇದ್ದಳು.

ಹಕೀಮನದು ದ್ರಾಕ್ಷಿ ಬೆಳೆಯುವ ಹಳ್ಳಿ. ಅಲ್ಲಿ ಒಣದ್ರಾಕ್ಷಿ ಮಾಡಲು ಮಣ್ಣಿನ ದಪ್ಪ ಗೋಡೆಯ ಮನೆ ಕಟ್ಟುತ್ತಾರೆ. ಗಾಳಿಯಾಡಲಿ ಎಂದು ಗೋಡೆಯ ತುಂಬ ಸಣ್ಣ ಸಣ್ಣ ಕಿಂಡಿ. ಕೊಯ್ಲಿನ ಕಾಲ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ತಮ್ಮ ಒಳಗೆ ಗೊಂಚಲು ನೇತುಹಾಕುತ್ತಿದ್ದರು. ಹಕೀಮ್ ಮರದ ಪೆಟ್ಟಿಗೆಗೆ ಹೊಡೆಯುವ ಮೊಳೆ ತರಲು ಪೇಟೆಗೆ ಹೋಗಿದ್ದ. ಮೇಲಿನಿಂದ ನೋಡಿದ ಯಾರಿಗೋ ಆ ಕಿಂಡಿಗಳು ಬಂದೂಕು ಇಡುವ ಕಿಂಡಿಗಳಂತೆ ಕಂಡವು. ಅವನು ವಾಪಸ್ಸು ಬರುವ ಹೊತ್ತಿಗೆ ಗೋಡೆ ಇರಲಿಲ್ಲ. ಮಾರನೆಯ ದಿನ ರೇಡಿಯೋದಲ್ಲಿ, ಆ ಹಳ್ಳಿಯಲ್ಲಿ ನಾಲ್ವರು ಶಸ್ತ್ರಧಾರಿಗಳು ಹತರಾದರು ಎಂದು ಹೇಳಿದರು. ಮಕ್ಕಳಿಗೆ ಏಳು ಮತ್ತು ಐದು ವರ್ಷ.

ವಿಮಾನ ಯಾವ ದೇಶದ್ದು ಎಂದು ಇಲ್ಲಿ ಬರೆಯುವುದಿಲ್ಲ. ಆ ಕಾಲದಲ್ಲಿ ಅಲ್ಲಿಗೆ ಸೇನೆ ಕಳಿಸಿದ್ದ ದೇಶಗಳಲ್ಲಿ ಒಂದು. ಬರೆಯದಿರುವುದು ಪಿಂಚಣಿದಾರನ ಹಳೆಯ ಹೆದರಿಕೆ ಎಂದರೂ ಸರಿಯೇ.

ಆ ಸಂಜೆ ನಮ್ಮ ಮನೆಯಲ್ಲಿ ಮೂವರೂ ಕೂತಿದ್ದೆವು. ಸುಮತಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಏನಾದರೂ ಹೇಳಬೇಕಲ್ಲ ಎಂದು ನಾನು, “ಯುದ್ಧದಲ್ಲಿ ಇಂಥದ್ದೆಲ್ಲ ಆಗುತ್ತೆ ಮೇಡಂ” ಎಂದೆ.

ಅವರು ಕನ್ನಡಕ ಕೆಳಗಿಳಿಸಿ ನನ್ನನ್ನು ನೋಡಿದರು. “ಆಗುತ್ತೆ? ಮಳೆ ಆಗುತ್ತೆ ಸರ್. ಮಗು ಆಗುತ್ತೆ. ಬಾಂಬು ಆಗೋದಿಲ್ಲ, ಹಾಕ್ತಾರೆ.”

“ಹಾಕಿದವನು ಯಾರೋ ಪೈಲಟ್. ಅವನಿಗೇನು ಗೊತ್ತು, ಪಾಪ.”

“ಪೈಲಟ್ ಗುಂಡಿ ಒತ್ತಿದ. ಅವನಿಗೆ ಒತ್ತು ಅಂದವರು ಯಾರು? ಅಷ್ಟು ದೂರ ಅವನನ್ನ ಕಳಿಸಿದ ಮಂತ್ರಿ ಯಾರು? ಕಳಿಸಲಿ ಅಂತ ಅವರ ಸಂಸತ್ತಿನಲ್ಲಿ ಕೈ ಎತ್ತಿದವರು ಯಾರ್ಯಾರು? ನಮ್ಮ ಸೆಕ್ಷನ್ನಿಗೆ ಒಂದು ಕುರ್ಚಿ ತರಿಸೋಕೆ ಐದು ಜನ ಸಹಿ ಹಾಕ್ತೀವಿ. ಬೇರೆ ದೇಶಕ್ಕೆ ಬಾಂಬು ಹೊತ್ಕೊಂಡು ಹೋಗೋಕೆ ಸಹಿ ಇಲ್ದೆ ಇರುತ್ತಾ?”

ಸುಮತಿ ಅವರನ್ನು ನೋಡುತ್ತಿದ್ದ ರೀತಿಯಲ್ಲಿ ನನ್ನನ್ನು ಎಂದೂ ನೋಡಿರಲಿಲ್ಲ. ಅವರು ಹೇಳಿದ್ದು ಸರಿಯೇ ತಪ್ಪೇ ಎಂದು ನಾನು ಯೋಚಿಸಲಿಲ್ಲ. ಆ ಕುರ್ಚಿಯ ಮಾತು ನನಗೇಕೆ ಹೊಳೆಯಲಿಲ್ಲ ಎಂದು ಯೋಚಿಸಿದೆ.

ಹಕೀಮನಿಗೆ ಬೇಕಾದದ್ದು ಒಂದು ಕಾಗದ. ತನ್ನ ಮನೆಯ ನಾಲ್ವರು ಶಸ್ತ್ರಧಾರಿಗಳಲ್ಲ ಎಂದು ಬರೆದ ಕಾಗದ, ಕೆಳಗೆ ಒಬ್ಬರ ಹೆಸರು. ಆ ದೇಶದ ರಾಯಭಾರ ಕಚೇರಿಗೆ ಬರೆಯೋಣ ಎಂದು ಮೇಡಂ ಅವನಿಗೆ ಮಾತು ಕೊಟ್ಟರು. ಆದರೆ ಸರ್ಕಾರಿ ನೌಕರರು ಅನುಮತಿಯಿಲ್ಲದೆ ವಿದೇಶಿ ಕಚೇರಿಗಳ ಜೊತೆ ಪತ್ರವ್ಯವಹಾರಕ್ಕೆ ಇಳಿಯುವಂತಿಲ್ಲ ಎಂದು ನಾನು ಎಚ್ಚರಿಸಿದೆ. ನಿಯಮ ಹೇಳುವಾಗ ನನಗೆ ಖುಷಿಯಾಗಿತ್ತು. ಅವರು ವಾದ ಮಾಡಲಿಲ್ಲ. ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಕಾದರು. ಜುಲೈ ಮೂವತ್ತೊಂದಕ್ಕೆ ಹಾರ, ಸಮೋಸಾ, ಭಾಷಣ ಎಲ್ಲ ಮುಗಿಯಿತು. ಆಗಸ್ಟ್ ಒಂದರ ಬೆಳಿಗ್ಗೆ ಡ್ರಾಫ್ಟ್ ಹಿಡಿದು ಮೆಟ್ಟಿಲಿಳಿದು ಬಂದರು.

“ನಿನ್ನೆ ಸಂಜೆ ತನಕ ಸರ್ಕಾರ ನನ್ನ ಕೈ ಹಿಡ್ಕೊಂಡಿತ್ತು. ಇವತ್ತು ಬಿಟ್ಟಿದೆ. ಒಂದ್ಸಲ ನೋಡಿಕೊಡಿ ಸರ್. ತಪ್ಪು ನಿಮ್ಮ ಕಣ್ಣಿಗೆ ಬೇಗ ಬೀಳುತ್ತೆ.”

ಒಂದೂವರೆ ಪುಟ. ಹಕೀಮನೇ ಮಾತಾಡುವಂತೆ ಬರೆದಿದ್ದರು. ಮೊಳೆ ತರಲು ಹೋದದ್ದು, ದ್ರಾಕ್ಷಿಮನೆಯ ಕಿಂಡಿಗಳು ಎಷ್ಟು ಗೇಣಿನವು, ನಾಲ್ವರ ಹೆಸರು, ವಯಸ್ಸು, ಅವರು ಅಂದು ಮಾಡುತ್ತಿದ್ದ ಕೆಲಸ. ಅಳು ಇಲ್ಲ, ಬೈಗುಳ ಇಲ್ಲ. ಕೊನೆಯಲ್ಲಿ ಎರಡೇ ಕೋರಿಕೆ. ಈ ನಾಲ್ವರೂ ಶಸ್ತ್ರ ಹಿಡಿದವರಲ್ಲ ಎಂದು ಬರೆದುಕೊಡಿ. ಅಲ್ಲಿ ಬಾಂಬು ಹಾಕಲು ಹೇಳಿದವರು ಯಾರೆಂದು ತಿಳಿಸಿ. ಕಾಫಿ ತಂದ ಸುಮತಿ ನನ್ನ ಹೆಗಲ ಮೇಲಿನಿಂದ ಬಗ್ಗಿ ಓದಿದಳು.

“ರೀ, ಇಷ್ಟು ವರ್ಷ ನೀವು ಆಫೀಸಿನಲ್ಲಿ ಬರೀತಿದ್ದದ್ದೂ ಇಂಥದ್ದೇನಾ?” ಎಂದಳು. ವ್ಯಂಗ್ಯವಲ್ಲ. ನಿಜವಾಗಿಯೂ ಕೇಳಿದಳು.

ಆ ಕ್ಷಣದಲ್ಲೇ ನನ್ನ ಕಣ್ಣು ತಾರೀಖಿನ ಮೇಲೆ ಬಿತ್ತು.

ಘಟನೆ ನಡೆದದ್ದು ಮೀಜಾನ್ ತಿಂಗಳ ಹನ್ನೆರಡನೇ ದಿನ ಎಂದು ಹಕೀಮ್ ಹೇಳಿದ್ದ. ಅಫ್ಘಾನಿಸ್ತಾನದ ತಿಂಗಳುಗಳಿಗೆ ನಮ್ಮ ರಾಶಿಗಳದೇ ಹೆಸರು. ಮೀಜಾನ್ ಎಂದರೆ ತಕ್ಕಡಿ, ನಮ್ಮ ತುಲಾ. ಮೇಡಂ ಸೌರಮಾನದ ಊರಿನವರು, ಸಂಕ್ರಮಣದಿಂದ ತಿಂಗಳು ಎಣಿಸುವವರು. ತುಲಾ ಸಂಕ್ರಮಣ ಅಕ್ಟೋಬರ್ ಹದಿನೇಳು, ಅಲ್ಲಿಂದ ಹನ್ನೆರಡನೇ ದಿನ ಇಪ್ಪತ್ತೆಂಟು ಎಂದು ಲೆಕ್ಕ ಹಾಕಿ ಬರೆದಿದ್ದರು. ಆದರೆ ಅಲ್ಲಿನ ಮೀಜಾನ್ ಶುರುವಾಗುವುದು ಸೆಪ್ಟೆಂಬರ್ ಇಪ್ಪತ್ತಮೂರಕ್ಕೆ. ಹನ್ನೆರಡನೇ ದಿನ ಅಕ್ಟೋಬರ್ ನಾಲ್ಕು. ಇಪ್ಪತ್ತನಾಲ್ಕು ದಿನ ತಪ್ಪು.

ಇದು ನನಗೆ ಹೇಗೆ ಗೊತ್ತು ಎಂದರೆ, ಅಫ್ಘಾನಿಸ್ತಾನದ ವ್ಯಾಪಾರಿಗಳ ಬಿಲ್ಲುಗಳ ಮೇಲೆ ಇದೇ ತಿಂಗಳುಗಳಿರುತ್ತಿದ್ದವು. ಮೊದಲು ನೋಡುತ್ತಿದ್ದವನು ನಾನು. ಅವು ಮೇಡಂ ಮೇಜಿಗೆ ಹೋಗುವ ಹೊತ್ತಿಗೆ ತಾರೀಖನ್ನು ಇಂಗ್ಲಿಷ್ ತಿಂಗಳಿಗೆ ತಿರುಗಿಸಿ ಬರೆದಿರುತ್ತಿದ್ದೆ. ಇಡೀ ಸೆಕ್ಷನ್ನಿನಲ್ಲಿ ಅವರಿಗೆ ಬಾರದೆ ನನಗೊಬ್ಬನಿಗೇ ಬರುತ್ತಿದ್ದ ವಿದ್ಯೆ ಅದೊಂದು.

“ಹೇಗಿದೆ ಸರ್?” ಎಂದರು.

“ಚೆನ್ನಾಗಿದೆ” ಎಂದೆ. “ಏನೂ ಮುಟ್ಟೋದು ಬೇಡ.”

ನನಗೆ ನಾನೇ ಹೇಳಿಕೊಂಡ ಸಮಾಧಾನಗಳು ನೆನಪಿವೆ. ನಾನು ಇನ್ನೂ ಸೇವೆಯಲ್ಲಿರುವವನು, ಇಂಥ ಪತ್ರಕ್ಕೆ ಕೈ ಹಾಕಿದರೆ ನಿಯಮ ಮುರಿದಂತೆ. ಹೇಗೂ ಯಾವ ರಾಯಭಾರ ಕಚೇರಿಯೂ ಉತ್ತರ ಬರೆಯುವುದಿಲ್ಲ. ಒಂದು ತಾರೀಖಿನಿಂದ ಏನಾಗುತ್ತದೆ. ಇವೆಲ್ಲ ಆಮೇಲೆ, ಅವರು ಮೆಟ್ಟಿಲು ಹತ್ತಿ ಹೋದ ಮೇಲೆ, ಒಂದೊಂದಾಗಿ ಹುಡುಕಿ ತಂದವು. ‘ಚೆನ್ನಾಗಿದೆ’ ಎನ್ನುವಾಗ ಮನಸ್ಸಿನಲ್ಲಿ ಇದ್ದದ್ದು ಒಂದೇ. ಆಯಮ್ಮ ಒಂದು ಸಲವಾದರೂ ತಪ್ಪಲಿ.

ಉತ್ತರ ಬಂತು. ಏಳು ತಿಂಗಳಾದ ಮೇಲೆ, ಮಾರ್ಚ್ ಮೊದಲ ವಾರ. ಎರಡು ವಾಕ್ಯ: ತಾವು ತಿಳಿಸಿದ ದಿನಾಂಕದಂದು ಆ ಜಿಲ್ಲೆಯಲ್ಲಿ ನಮ್ಮ ಯಾವುದೇ ವಿಮಾನ ಹಾರಾಡಿರುವುದಿಲ್ಲ. ಆದ್ದರಿಂದ ಮುಂದಿನ ಪ್ರಶ್ನೆಗಳು ಉದ್ಭವಿಸುವುದಿಲ್ಲ.

ಅಷ್ಟು ಹೊತ್ತಿಗೆ ಮೇಡಂ ಕ್ವಾರ್ಟರ್ಸ್ ಬಿಟ್ಟು ಭೋಗಲ್‌ನಲ್ಲೇ ಒಂದು ಮನೆಯ ತಾರಸಿಯ ಮೇಲಿನ ಒಂಟಿ ಕೋಣೆಗೆ ಹೋಗಿದ್ದರು. ಗ್ರಂಥಾಲಯದಲ್ಲಿ ಆ ವರ್ಷದ ಅಕ್ಟೋಬರ್ ಕೊನೆಯ, ನವೆಂಬರ್ ಮೊದಲ ವಾರದ ಹಳೆಯ ಪೇಪರುಗಳನ್ನು ತಿರುವಿ ಹಾಕಿದ್ದರು. ಎಲ್ಲೂ ಆ ಹಳ್ಳಿಯ ಹೆಸರು ಸಿಕ್ಕಿರಲಿಲ್ಲ. ಸಿಗುವುದಾದರೂ ಹೇಗೆ? ಹಕೀಮನ ನಿರಾಶ್ರಿತ ಅರ್ಜಿ ಆಗ ಕೊನೆಯ ಹಂತದಲ್ಲಿತ್ತು. ಬೇರೊಂದು ದೇಶಕ್ಕೆ ಕಳಿಸುವವರ ಪಟ್ಟಿಯಲ್ಲಿ ಅವನ ಹೆಸರು ಬರುವುದರಲ್ಲಿತ್ತು. ಇರುವ ಕಾಗದವನ್ನೆಲ್ಲ ತನ್ನಿ ಎಂದು ಕರೆದಾಗ ಪ್ರಾಮಾಣಿಕನಾದ ಅವನು ಈ ಉತ್ತರವನ್ನೂ ಕೊಟ್ಟ. ನಿಮ್ಮ ಹೇಳಿಕೆಗೂ ಇದಕ್ಕೂ ತಾಳೆಯಾಗುವುದಿಲ್ಲ, ಆಮೇಲೆ ನೋಡೋಣ ಎಂದು ಫೈಲು ಪಕ್ಕಕ್ಕಿಟ್ಟರು. ಆ ವರ್ಷ ಹೋಗಬೇಕಾದವರು ಹೋದರು. ಹಕೀಮ್ ಉಳಿದ.

ಇದನ್ನು ಸುಮತಿ ಹೇಳಿದಾಗ ನಾನು ಪೇಪರಿನಿಂದ ತಲೆ ಎತ್ತಲಿಲ್ಲ.

ತಪ್ಪನ್ನು ಮೇಡಂ ತಾವೇ ಕಂಡುಹಿಡಿದರು. ಮಾರ್ಚ್ ಇಪ್ಪತ್ತೊಂದು ಅಫ್ಘಾನಿಸ್ತಾನದವರ ಹೊಸ ವರ್ಷ. ಏಳು ಬಗೆಯ ಒಣಹಣ್ಣುಗಳನ್ನು ನೀರಿನಲ್ಲಿ ನೆನೆಸಿ ಬಟ್ಟಲಲ್ಲಿ ಹಾಕಿಕೊಡುತ್ತಾರೆ. ಹಕೀಮ್ ಸುಮತಿಗೂ ಅವರಿಗೂ ಒಂದೊಂದು ಬಟ್ಟಲು ಕೊಟ್ಟು, ಇವತ್ತು ಹಮಲ್ ತಿಂಗಳ ಮೊದಲ ದಿನ ಎಂದನಂತೆ. ಹಮಲ್ ಅಂದರೇನು ಎಂದು ಮೇಡಂ ಕೇಳಿದರು. ಕುರಿಮರಿ ಎಂದ. “ಕುರಿ ಅಂದ್ರೆ ಮೇಷ. ಮೇಷ ಸಂಕ್ರಮಣಕ್ಕೆ ಇನ್ನೂ ಮೂರು ವಾರ ಇದೆಯಲ್ಲ!” ಎಂದು ಬಟ್ಟಲನ್ನು ಹಲಗೆಯ ಮೇಲಿಟ್ಟು, ನಿಂತಲ್ಲೇ ಬೆರಳು ಮಡಿಸಿ ಎಣಿಸತೊಡಗಿದರಂತೆ. ಎಣಿಸಿ ಮುಗಿಸಿ ಹಿಟ್ಟಿನ ಮೂಟೆಯ ಮೇಲೆ ಕೂತುಬಿಟ್ಟರಂತೆ. ಹಕೀಮ್ ಗಾಬರಿಯಾಗಿ ನೀರು ತಂದ.

“ನೀನು ಸರಿಯಾಗೇ ಹೇಳಿದ್ದೆ ಹಕೀಮ್. ನಾನು ತಪ್ಪು ಬರೆದೆ” ಎಂದರಂತೆ.

ಹಕೀಮ್ ಮುಖ ಮುಚ್ಚಿಕೊಂಡು ಅತ್ತ ಎಂದು ಸುಮತಿ ಹೇಳಿದಳು. ಆ ಎರಡು ವಾರ ಅವನಿಗೆ ತನ್ನ ನೆನಪಿನ ಮೇಲೇ ಅನುಮಾನ ಬಂದಿತ್ತಂತೆ.

ಎರಡು ದಿನದ ನಂತರ ಹೊಸ ಪತ್ರದ ಪ್ರತಿ ಹಿಡಿದು ಮೇಡಂ ನಮ್ಮ ಮನೆಗೆ ಬಂದರು. ಅದರ ಮೊದಲ ಸಾಲು ನನಗೆ ಬಾಯಿಪಾಠ: ‘ಹಿಂದಿನ ಪತ್ರದಲ್ಲಿ ದಿನಾಂಕವನ್ನು ತಪ್ಪಾಗಿ ಲೆಕ್ಕ ಹಾಕಿದವಳು ನಾನು; ಅರ್ಜಿದಾರರಲ್ಲ.’ ಕೆಳಗೆ ತಮ್ಮ ಪೂರ್ತಿ ಹೆಸರು, ವಿಳಾಸ, ಸಹಿ. ಅಂಥದೇ ಇನ್ನೊಂದು ಪತ್ರ ನಿರಾಶ್ರಿತರ ಕಚೇರಿಗೂ.

ಓದಿ ಕೆಳಗಿಟ್ಟೆ. ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ.

“ನೋಡಿ ಸರ್, ನಿಮ್ಮ ಕಣ್ಣಿಗೂ ತಪ್ಪಿಸ್ಕೊಂಡಿದೆ” ಎಂದರು.

“ಹೌದು ಮೇಡಂ” ಎಂದೆ.

ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ಸುಮತಿಯ ಹತ್ತಿರ ಒಂದು ಲೋಟ ಮಜ್ಜಿಗೆ ಕೇಳಿದರು. ಅಂದಿನಿಂದ ನನಗೆ ಅವರು ಯಾವ ಡ್ರಾಫ್ಟನ್ನೂ ತೋರಿಸಲಿಲ್ಲ. ಸುಮತಿಗೆ ತೋರಿಸುತ್ತಿದ್ದರು. ಹತ್ತನೇ ತರಗತಿ ಓದಿದ ಸುಮತಿಗೆ! ಅವರಿಗೆ ಗೊತ್ತಾಯಿತೇನೋ ಎಂಬ ಹೆದರಿಕೆಗಿಂತ ಈ ಹೊಟ್ಟೆಯುರಿಯೇ ನನ್ನನ್ನು ಹೆಚ್ಚು ಕಾಡಿತು. ಮನುಷ್ಯ ಎಷ್ಟು ಸಣ್ಣವನಾಗಬಲ್ಲ ಎಂಬುದಕ್ಕೆ ಬೇರೆ ಉದಾಹರಣೆ ನಾನು ಹುಡುಕಬೇಕಾಗಿಲ್ಲ.

ಸರಿಯಾದ ತಾರೀಖು ಸಿಕ್ಕ ಮೇಲೆ ಅಕ್ಟೋಬರ್ ಆರನೇ ತಾರೀಖಿನ ಹಳೆಯ ಪೇಪರಿನಲ್ಲಿ ಸುದ್ದಿಯೂ ಸಿಕ್ಕಿತು. ಒಳಪುಟದಲ್ಲಿ ಬೆರಳಗಲದ ಸುದ್ದಿ, ನಾಲ್ವರು ಶಸ್ತ್ರಧಾರಿಗಳ ಸಾವು. ರಾಯಭಾರ ಕಚೇರಿಯ ಎರಡನೇ ಉತ್ತರಕ್ಕೆ ಒಂದು ವರ್ಷವೇ ಹಿಡಿಯಿತು. ಅಂದು ಕಾರ್ಯಾಚರಣೆ ನಡೆದದ್ದು ನಿಜ, ಆ ಕಾಲದ ನಿಯಮಗಳ ಪ್ರಕಾರ ನಿರ್ಧಾರ ಕೈಗೊಳ್ಳಲಾಗಿತ್ತು, ವಿಷಯವನ್ನು ಮುಕ್ತಾಯಗೊಳಿಸಲಾಗಿದೆ. ಮೇಡಂ ಪೆನ್ಸಿಲ್ ತೆಗೆದುಕೊಂಡು ಎರಡು ಕಡೆ ‘ಯಾರು?’ ಎಂದು ಬರೆದು, ಅದರ ಪ್ರತಿ ಮಾಡಿಸಿ ಅವರಿಗೇ ವಾಪಸ್ಸು ಕಳಿಸಿದರು.

ಆಮೇಲೆ ಅವರು ಹಿಡಿದದ್ದು ಕೈ ಎತ್ತಿದವರನ್ನು. ಸೇನೆ ಕಳಿಸುವ ನಿರ್ಣಯಕ್ಕೆ ಒಪ್ಪಿಗೆ ಕೊಟ್ಟ ಆ ದೇಶದ ಸಂಸತ್ ಸದಸ್ಯರ ಹೆಸರುಗಳನ್ನು ಅಲ್ಲಿನ ಕಡತಗಳಿಂದ ಹುಡುಕಿ ತೆಗೆದು, ಒಬ್ಬೊಬ್ಬರಿಗೂ ಬೇರೆ ಬೇರೆ ಪತ್ರ. ವಾರಕ್ಕೆ ಎರಡು, ಮೂರು. “ಒಟ್ಟಿಗೆ ಒಂದೇ ಪತ್ರ ಕಳಿಸಿದ್ರೆ ಪಕ್ಕದವನು ಓದ್ತಾನೆ ಅಂತ ಬಿಡ್ತಾರೆ” ಎನ್ನುವರು. ಸುಮತಿ ಲಕೋಟೆ ಅಂಟಿಸುವಳು. ನಾನು ಅಷ್ಟರಲ್ಲಿ ನಿವೃತ್ತನಾಗಿ ವಸಂತ್ ಕುಂಜ್‌ನ ಫ್ಲಾಟಿಗೆ ಬಂದಿದ್ದೆ. ಸುಮತಿ ಅಲ್ಲಿಂದ ಆಟೋ ಹಿಡಿದು ಭೋಗಲ್‌ಗೆ ಹೋಗುವಳು. “ಇಷ್ಟು ದೂರ ಯಾಕೆ ಹೋಗ್ತೀಯ?” ಎಂದರೆ, “ಮನೇಲಿದ್ದು ಏನು ಮಾಡ್ಲಿ?” ಎನ್ನುವಳು. ಮನೆಯಲ್ಲಿ ನಾನಿದ್ದೆ.

ಆ ಸೇನೆಗಳೆಲ್ಲ ಒಂದು ದಿನ ಗಂಟುಮೂಟೆ ಕಟ್ಟಿಕೊಂಡು ಅಫ್ಘಾನಿಸ್ತಾನ ಬಿಟ್ಟು ಹೋದವು. ಎಲ್ಲ ಟಿವಿಗಳಲ್ಲೂ ಅದೇ. ಇನ್ನಾದರೂ ನಿಲ್ಲಿಸುತ್ತಾರೆ ಎಂದುಕೊಂಡು ನಾನೇ ಫೋನು ಮಾಡಿದೆ. “ಅವರು ಹೊರಟೇ ಹೋದರಲ್ಲ ಮೇಡಂ, ಮುಗೀತಲ್ಲ.”

“ಬಾಡಿಗೆ ಮನೆ ಬಿಟ್ಟು ಹೋಗೋವಾಗ ಗೋಡೆಗೆ ಹೊಡೆದ ಮೊಳೆಗೂ ಉತ್ತರ ಹೇಳಿ ಹೋಗ್ಬೇಕು ಸರ್” ಎಂದು ಫೋನಿಟ್ಟರು.

ಅಷ್ಟು ಪತ್ರಗಳಿಗೆ ಬಂದ ನಿಜವಾದ ಉತ್ತರ ಒಂದು. ಉಳಿದವರದು ಅಚ್ಚುಹಾಕಿದ ಸ್ವೀಕೃತಿ ಇಲ್ಲವೇ ಮೌನ. ಆ ಒಂದನ್ನು ಬರೆದಾಕೆ ಸಂಸತ್ತು ಬಿಟ್ಟು ಎಷ್ಟೋ ವರ್ಷವಾಗಿದ್ದ ಮುದುಕಿ. ನಡುಗುವ ಕೈಬರಹ. ಆ ದಿನ ಕೈ ಎತ್ತಿದವರಲ್ಲಿ ತಾನೂ ಒಬ್ಬಳು, ಪಕ್ಷ ಹೇಳಿತು ಎಂದು ಎತ್ತಿದೆ, ದ್ರಾಕ್ಷಿಮನೆ ಎಂಬುದೊಂದು ಇರುತ್ತದೆಂದು ತನಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳಬೇಕಾದದ್ದು ತನ್ನ ಕೆಲಸವಾಗಿತ್ತು ಎಂದು ಬರೆದಿದ್ದಳು. ನಿಮ್ಮ ಹೆಂಡತಿ, ಮಕ್ಕಳು, ತಮ್ಮ ಶಸ್ತ್ರಧಾರಿಗಳಲ್ಲ ಎಂದು ನಾಲ್ಕು ಹೆಸರನ್ನೂ ಬಿಡಿಸಿ ಬರೆದು ಸಹಿ ಹಾಕಿದ್ದಳು.

ಮೇಡಂ ಅದನ್ನು ಬೇಕರಿಯಲ್ಲಿ ಓದಿ ಹೇಳಿದರು. ನಾನೂ ಇದ್ದೆ.

“ಇವರು ದೊಡ್ಡವರಾ ದೀದಿ?” ಎಂದ ಹಕೀಮ್.

“ಈಗ ಅಲ್ಲ. ಮನೆಯಲ್ಲಿದ್ದಾರೆ.”

“ಆದರೂ ಹೆಸರು ಬರೆದಿದ್ದಾರಲ್ಲ.”

“ಬರೆದಿದ್ದಾರೆ.”

ಹಕೀಮ್ ಆ ಕಾಗದವನ್ನು ಕಣ್ಣಿಗೊತ್ತಿಕೊಂಡ. ಮೇಡಂ ಬೇರೆ ಕಡೆ ತಿರುಗಿ ನಾನ್ ಎಣಿಸುವವರಂತೆ ನಿಂತರು. ನಾನು ಇಡೀ ಸೇವೆಯಲ್ಲಿ ಬರೆದ ಯಾವ ಪತ್ರಕ್ಕೂ ಯಾರಾದರೂ ಕಣ್ಣಿಗೊತ್ತಿಕೊಳ್ಳುವಂಥ ಉತ್ತರ ಬಂದಿರಲಿಲ್ಲ. ಆಗಲೂ ನನ್ನೊಳಗೆ ಎದ್ದದ್ದು ಅದೇ ಉರಿ.

ಸರ್ಕಾರಿ ಕಾಗದ ಮಾತ್ರ ಬರಲೇ ಇಲ್ಲ. ಹಕೀಮನ ಫೈಲು ಮತ್ತೆ ತೆರೆದರಾದರೂ ಅಷ್ಟರಲ್ಲಿ ಪಟ್ಟಿ ತುಂಬಿತ್ತು, ನಿಯಮ ಬದಲಾಗಿತ್ತು.

ಕಳೆದ ಫೆಬ್ರವರಿಯಲ್ಲಿ ಮೇಡಂಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಯಲ್ಲಿ ಐದು ದಿನ. ಸುಮತಿಯೇ ಜೊತೆಗಿದ್ದಳು. ಲೋಧಿ ರಸ್ತೆಯ ಚಿತಾಗಾರದಲ್ಲಿ ಊರಿನಿಂದ ಬಂದ ತಮ್ಮನ ಮಗ ಕ್ರಿಯೆ ಮಾಡಿದ. ಭೋಗಲ್‌ನಿಂದ ಹತ್ತಿಪ್ಪತ್ತು ಜನ ಅಫ್ಘಾನಿಸ್ತಾನದವರು ಬಂದು ಗೇಟಿನ ಹತ್ತಿರ ಸಾಲಾಗಿ ನಿಂತಿದ್ದರು. ಹಳೆಯ ಸೆಕ್ಷನ್ನಿನಿಂದ ನಾನೊಬ್ಬನೇ. ನಾನು ಸತ್ತರೆ ಇಲ್ಲಿ ಯಾರು ನಿಲ್ಲುತ್ತಾರೆ ಎಂದು ಆ ಸಾಲನ್ನು ಎಣಿಸಿದೆ. ಎಣಿಸುತ್ತಿರುವಾಗಲೇ ಹಕೀಮ್ ಬಂದು ನನ್ನ ಕೈ ಹಿಡಿದು, “ಮೊದಲ ಕಾಗದವನ್ನು ನೀವೇ ನೋಡಿ ಸರಿ ಅಂದಿರಂತೆ. ದೀದಿ ಹೇಳ್ತಿದ್ದರು. ಖುದಾ ನಿಮಗೆ ಒಳ್ಳೇದು ಮಾಡಲಿ” ಎಂದ.

ಅವತ್ತು ನನಗೆ ಊಟ ಸೇರಲಿಲ್ಲ. ಮರುದಿನವೂ ಇಲ್ಲ. ಮೂರನೇ ದಿನ ಬೆಳಿಗ್ಗೆ ಸುಮತಿ ಹುರುಳಿಕಾಯಿ ಹೆಚ್ಚುತ್ತಿದ್ದಾಗ ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ತಾರೀಖು ಕಂಡದ್ದು, ‘ಚೆನ್ನಾಗಿದೆ’ ಎಂದದ್ದು, ಎರಡನೇ ಸಲವೂ ಬಾಯಿ ಬಿಡದೆ ಇದ್ದದ್ದು. ಅವಳ ಕೈಯ ಚಾಕು ನಿಂತಿತು. ಬಯ್ಯುತ್ತಾಳೆ ಎಂದು ಕಾದೆ. ಬಯ್ಯಲಿ ಎಂದೂ ಆಸೆಯಿತ್ತು.

ಹೆಚ್ಚಿದ ಕಾಯನ್ನು ಬಟ್ಟಲಿಗೆ ಸುರಿದು, “ನನ್ನ ಹತ್ರ ಯಾಕೆ ಹೇಳ್ತಿದೀರಿ?” ಎಂದಳು. “ಬೇಕರಿ ಇರೋದು ಭೋಗಲ್‌ನಲ್ಲಿ.”

“ನೀನೂ ಬಾ.”

“ನಾನು ಬರಲ್ಲ.”

ಒಬ್ಬನೇ ಹೋದೆ. ಸಂಜೆ ನಾಲ್ಕು ಗಂಟೆ. ನಾನ್‌ಗಾಗಿ ನಾಲ್ಕೈದು ಜನ ನಿಂತಿದ್ದರು. ಹಕೀಮ್ ನನ್ನನ್ನು ಕಂಡು ಈ ಸಲ ಎದ್ದು ನಿಂತ. ಅವನು ಎದ್ದದ್ದೇ ನನಗೆ ತಡೆಯಲಾಗದೆ, ಜನರಿದ್ದಾರೆ ಎಂದೂ ನೋಡದೆ, ಹಿಂದಿಯಲ್ಲಿ ಹೇಳಿಬಿಟ್ಟೆ. ತಪ್ಪು ತಾರೀಖು ಮೊದಲ ದಿನವೇ ನನಗೆ ಕಂಡಿತ್ತು. ಹೇಳಲಿಲ್ಲ.

ಅವನು ತಂದೂರಿನೊಳಗಿದ್ದ ನಾನ್‌ಗಳನ್ನು ಒಂದೊಂದಾಗಿ ತೆಗೆದು ಮುಗಿಸಿದ. ಕೈ ಒರೆಸಿಕೊಂಡ.

“ಯಾಕೆ ಹೇಳಲಿಲ್ಲ ಬಾಬೂಜಿ?”

“ದೀದಿ ಮೇಲೆ ಹೊಟ್ಟೆಕಿಚ್ಚು” ಎಂದೆ. “ನಿಮ್ಮ ಮೇಲೆ ನನಗೆ ಏನೂ ಇರಲಿಲ್ಲ ಹಕೀಮ್ ಭಾಯಿ. ಆಣೆ.”

“ಗೊತ್ತು” ಎಂದ. “ಬಾಂಬು ಹಾಕಿಸಿದವರಿಗೂ ನನ್ನ ಮೇಲೆ ಏನೂ ಇರಲಿಲ್ಲ.”

ಅವನ ದನಿ ಏರಿರಲಿಲ್ಲ. ಬೈದಿದ್ದರೆ, ಹೊಡೆದಿದ್ದರೆ ನಾನು ಮನೆಗೆ ಹಗುರಾಗಿ ಬರುತ್ತಿದ್ದೆನೇನೋ. ಅವನು ಒಳಗೆ ಹೋಗಿ ಒಂದು ಹಾಳೆ, ಒಂದು ಪೆನ್ನು ತಂದು, ಹಲಗೆಯ ಮೇಲಿನ ಹಿಟ್ಟನ್ನು ಅಂಗೈಯಿಂದ ಪಕ್ಕಕ್ಕೆ ಸರಿಸಿ ನನ್ನ ಮುಂದೆ ಇಟ್ಟ.

“ಬರೆದುಕೊಡಿ.”

ನಿಂತುಕೊಂಡೇ ಹಿಂದಿಯಲ್ಲಿ ಬರೆದೆ. ಮೂರು ಸಲ ಹೊಡೆದುಹಾಕಿ ಮತ್ತೆ ಬರೆದೆ. ಪುಟದ ಎರಡೂ ಬದಿ ತುಂಬಿತು. ಆಯಮ್ಮನಾಗಿದ್ದರೆ ನಾಲ್ಕು ಸಾಲಿನಲ್ಲಿ ಮುಗಿಸುತ್ತಿದ್ದರು ಎಂದು ಅಲ್ಲಿಯೂ ಅನ್ನಿಸದೆ ಹೋಗಲಿಲ್ಲ. ಕೆಳಗೆ ಹೆಸರು, ಹುದ್ದೆ, ವಸಂತ್ ಕುಂಜ್‌ನ ವಿಳಾಸ ಬರೆದು ಸಹಿ ಹಾಕಿ ಅವನ ಕಡೆ ತಳ್ಳಿದೆ.

“ನನಗೆ ಓದಲು ಬರಲ್ಲ ಬಾಬೂಜಿ. ನೀವೇ ಓದಿ” ಎಂದ. “ಇವರಿಗೂ ಕೇಳಿಸಲಿ.”

ನಾನ್‌ಗೆ ಕಾದು ನಿಂತಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಾನು ಹಾಳೆ ಎತ್ತಿಕೊಂಡು ಓದತೊಡಗಿದೆ.